ಕೊಟ್ಟಿದ್ದನ್ನು ಕೆಡಿಸದವಳು

ತರಬೇತಿಗೆ ಹೋದಲ್ಲೆಲ್ಲ ನನಗೆ ಒಂದು ಪ್ರಶ್ನೆ ತಪ್ಪಿದ್ದಲ್ಲ. "ಮೇಡಂ, ಬಡವರ ಓಣಿಗಳಲ್ಲಿ ಜನ ಕಸ ಬೇರೆ ಮಾಡಿ ಕೊಡಬೇಕಾದರೆ ಏನು ಮಾಡಬೇಕು?" ನಾನು ಲ್ಯಾಪ್‌ಟಾಪ್ ತೆರೆದು ಪರದೆಯ ಮೇಲೆ ಐದು ಉಪಾಯ ತೋರಿಸುತ್ತೇನೆ. ಎಲ್ಲರೂ ಬರೆದುಕೊಳ್ಳುತ್ತಾರೆ. ಮಧ್ಯಾಹ್ನ ಪಲಾವು, ಮೊಸರನ್ನ. ಕಾಗದದ ತಟ್ಟೆಯಲ್ಲಿ ಉಂಡು, ತಟ್ಟೆ, ಲೋಟ, ಉಳಿದ ಅನ್ನ ಎಲ್ಲವನ್ನೂ ಒಂದೇ ಡಬ್ಬಕ್ಕೆ ಸುರಿದು ಮನೆಗೆ ಹೋಗುತ್ತೇವೆ. ಆ ಐದು ಉಪಾಯಗಳಲ್ಲಿ ಒಂದೂ ನಾನು ಕಂಡುಹಿಡಿದದ್ದಲ್ಲ. ಅವನ್ನು ನನಗೆ ಕಲಿಸಿದವಳು ತೀರಿಹೋಗಿ ನಾಲ್ಕು ತಿಂಗಳಾಯಿತು.

ಆಕೆಯ ಹೆಸರು ಬರೆಯುವುದಿಲ್ಲ. ಬರೆದರೆ ಪಂಚಾಯಿತಿಯ ಹೆಸರು ಹೊರಬೀಳುತ್ತದೆ, ಅದರ ಬೆನ್ನಿಗೇ ನನ್ನದೂ. ಅಷ್ಟು ಧೈರ್ಯ ನನಗೆ ಇನ್ನೂ ಬಂದಿಲ್ಲ. ಶಿಕಾರಿಪುರದಿಂದ ಸೊರಬದ ಕಡೆ ಹೋಗುವಾಗ ಸಿಗುವ ಒಂದು ಊರು, ಊರಾಚೆ ನಾಲೆಯ ಬದಿಗೆ ಅರವತ್ತು ಜನತಾ ಮನೆಗಳು, ಆ ಮನೆಗಳ ಕಸ ಒಯ್ಯುವ ಗಾಡಿ ಓಡಿಸುತ್ತಿದ್ದ ಹೆಂಗಸು ಎಂದರೆ ಸಾಕು. ವಯಸ್ಸು ಐವತ್ತರ ಆಸುಪಾಸು. ಗಾಡಿ ಕಲಿತದ್ದು ನಲವತ್ತೈದು ದಾಟಿದ ಮೇಲೆ. ಆಳು ಗಿಡ್ಡ, ಸೀಟಿನ ಮೇಲೆ ದಿಂಬು ಹಾಕಿಕೊಂಡು ಕೂರದಿದ್ದರೆ ಆಕೆಗೆ ರಸ್ತೆ ಕಾಣುತ್ತಿರಲಿಲ್ಲ. ಗಾಡಿಯನ್ನು ಹಿಂದಕ್ಕೆ ತೆಗೆಯುವಾಗ ಮಾತ್ರ ದೇವರ ಹೆಸರು ಹೇಳುತ್ತಿದ್ದಳು. "ಮುಂದಕ್ಕೆ ಹೋಗಾಕೆ ನಾ ಸಾಕ್ರಿ. ಹಿಂದಕ್ಕೆ ಬರೋದನ್ನ ತೊಗರ್ಸಿ ಮಲ್ಲಯ್ಯನೇ ನೋಡ್ಕೋಬೇಕು" ಅನ್ನುತ್ತಿದ್ದಳು.

ನಾನು ಸೊರಬದವಳು. ಸ್ವಚ್ಛತೆಯ ಕೆಲಸಕ್ಕೆ ಗುತ್ತಿಗೆಯ ಮೇಲೆ ಸೇರಿದವಳು. ವರ್ಷ ತುಂಬುವ ಹೊತ್ತಿಗೆ ಮುಂದಿನ ವರ್ಷದ ಆದೇಶ ಬರುತ್ತದೋ ಇಲ್ಲವೋ ಎಂದು ಎದೆ ಹೊಡೆದುಕೊಳ್ಳುವ ಜಾತಿ. ಕಾಲೋನಿಯವರು ನನ್ನನ್ನು ಶಾಲೆಯ ಟೀಚರುಗಳನ್ನು ಕರೆಯುವ ಹಾಗೆ 'ಅಕ್ಕೋರೆ' ಅನ್ನುತ್ತಿದ್ದರು, ಆಕೆಯೂ ಹಾಗೇ ಅನ್ನುತ್ತಿದ್ದಳು. ನನಗಿಂತ ಹತ್ತು ವರ್ಷ ದೊಡ್ಡವಳು ನನಗೆ 'ನೀವು' ಅಂದರೆ ನಾನು ಆಕೆಗೆ 'ನೀನು' ಅನ್ನುತ್ತಿದ್ದೆ. ಆಕೆ ಇರುವ ತನಕ ಅದರಲ್ಲಿ ನನಗೆ ತಪ್ಪೇನೂ ಕಾಣಲಿಲ್ಲ.

ಮೊದಲ ವರ್ಷ ನಾವು ಮನೆಮನೆಗೆ ಹಸಿರು ಬಕೆಟ್ ಒಂದು, ನೀಲಿ ಬಕೆಟ್ ಒಂದು ಹಂಚಿದೆವು. ಹಸಿ ಕಸಕ್ಕೆ ಹಸಿರು, ಒಣ ಕಸಕ್ಕೆ ನೀಲಿ. ತಿಂಗಳು ಬಿಟ್ಟು ನೋಡಲು ಹೋದರೆ ಹಸಿರು ಬಕೆಟ್ಟಿನಲ್ಲಿ ಎಮ್ಮೆಯ ಮುಸುರೆ, ನೀಲಿ ಬಕೆಟ್ಟಿನಲ್ಲಿ ಸೊಸೈಟಿ ಅಕ್ಕಿ. ಕಸ ಮಾತ್ರ ಎಂದಿನಂತೆ ನಾಲೆಗೆ. ನಾನು ಓಣಿಯ ನಡುವೆ ನಿಂತು ಕೂಗಾಡಿದೆ. ಒಬ್ಬ ಮುದುಕ ಕಟ್ಟೆಯಿಂದೆದ್ದು ಬಂದು, ಮನೆಯ ಮುಂದೆಯೇ ನಿಂತಿದ್ದ ಬಚ್ಚಲ ನೀರನ್ನು ತೋರಿಸಿದ. "ಗಟಾರ ಮಾಡಿಸ್ರಿ ಅಂತ ಕೇಳಿ ಕೇಳಿ ನಮ್ಮ ನಾಲಿಗಿ ಒಣಗೈತಿ. ಬೀದಿ ದೀಪ ಹತ್ತಲ್ಲ. ಇಷ್ಟು ವರ್ಷಕ್ಕೆ ಪಂಚಾಯ್ತಿಯವ್ರು ಬಂದೀರಿ, ಬಕೀಟು ತಂದೀರಿ" ಅಂದ.

ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಆಕೆ ಪಕ್ಕದಲ್ಲಿ ನಿಂತು ನಗುತ್ತಿದ್ದಳು. "ಬಕೀಟು ಚಲೋ ಅದಾವ್ರಿ ಅಕ್ಕೋರೆ. ಹೊಸಾ ಬಕೀಟಿಗೆ ಕಸ ಹಾಕಾಕೆ ಯಾರಿಗೆ ಮನಸು ಬರ್ತೈತಿ? ಹಳೇ ಚೀಲ ಸಾಕು ಬಿಡ್ರಿ."

ಮುಂದಿನ ವಾರ ಆಕೆ ಹೊಲದವರಿಂದ ಗೊಬ್ಬರದ ಖಾಲಿ ಚೀಲಗಳನ್ನು ಕೇಳಿ ತಂದು, ನಾಲೆಯಲ್ಲಿ ಜಾಲಿಸಿ ಒಣಗಿಸಿ, ಒಂದೊಂದು ಮನೆಯ ಬಾಗಿಲ ಪಕ್ಕ ಮೊಳೆ ಹೊಡೆದು ನೇತುಹಾಕಿದಳು. ಮೊಳೆ ಹೊಡೆಯುವ ಮುಂಚೆ ಪ್ರತಿ ಮನೆಯಲ್ಲೂ ಕೇಳಿದಳು, "ಇಲ್ಲಿ ಹೊಡೀಲೇನವ್ವ? ನಿಮ್ಮ ಗ್ವಾಡಿಗೆ ಏನೂ ಆಗಲ್ಲಲ್ಲ?" ಗೋಡೆ ಸರ್ಕಾರ ಕಟ್ಟಿಸಿಕೊಟ್ಟದ್ದು, ಅರ್ಧ ಉದುರಿಹೋಗಿದ್ದ ಗೋಡೆ. ಅದಕ್ಕೂ ಒಬ್ಬ ಯಜಮಾನ್ತಿ ಇದ್ದಾಳೆ, ಆಕೆಯನ್ನು ಒಂದು ಮಾತು ಕೇಳಬೇಕು ಎಂದು ನನಗಾಗಲೀ ನನ್ನ ಮೇಲಿನವರಿಗಾಗಲೀ ತೋಚಿರಲಿಲ್ಲ.

ಹಾಲಿನ ಕವರು, ಎಣ್ಣೆ ಪ್ಯಾಕೆಟ್ಟುಗಳನ್ನು ತೊಳೆದು ಒಣಗಿಸಿ ಕೊಡಿ ಎಂದು ನಾವು ಹೇಳಿದ್ದೆವು. ಅದನ್ನು ಒಯ್ಯುವುದಕ್ಕೆ ಆಫೀಸಿನಲ್ಲಿ ಮಂಗಳವಾರ, ಶುಕ್ರವಾರ ಎಂದು ಗೊತ್ತು ಮಾಡಿದ್ದೆವು. ಎರಡು ತಿಂಗಳು ಗಾಡಿ ಬರಿದೇ ಹೋಗಿ ಬರಿದೇ ಬಂತು. ನಾನು ವರದಿಯಲ್ಲಿ 'ಜನರಿಗೆ ಆಸಕ್ತಿ ಇಲ್ಲ' ಎಂದು ಬರೆದೆ. ಬರೆದದ್ದನ್ನು ಆಕೆಗೆ ಓದಿ ಹೇಳಿದರೆ ಆಕೆಗೆ ಸಿಟ್ಟು ಬಂತು. ಆಕೆಯ ಸಿಟ್ಟು ನೋಡಿದ್ದು ನಾನು ಆಗಲೇ.

"ಅಲ್ರೀ, ಮಂಗಳಾರ, ಶುಕ್ಕುರಾರ ಯಾರು ಮನಿಯಾಗಿಂದ ಸಾಮಾನು ಹೊರಗೆ ಕೊಡ್ತಾರ? ನಿಮ್ಮವ್ವ ಕೊಡ್ತಿದ್ರೇನು?"

ನಮ್ಮಮ್ಮ ಶುಕ್ರವಾರ ಪಕ್ಕದ ಮನೆಗೆ ಒಂದು ಚಮಚ ಉಪ್ಪು ಕೊಟ್ಟವಳಲ್ಲ. "ಆದರೆ ಇದು ಕಸ ಅಲ್ವನೇ?" ಅಂದೆ.

"ತೊಳೀರಿ, ಒಣಗಸ್ರಿ, ಗಂಟು ಕಟ್ಟಿ ಇಡ್ರಿ ಅಂತ ನೀವೇ ಹೇಳಿದ್ರಿ. ಅಷ್ಟು ಮಾಡಿ ಇಟ್ಟ ಮ್ಯಾಲೆ ಅದು ಕಸ ಹೆಂಗಾತು? ಮನೀ ಸಾಮಾನಾತು. ಲಕ್ಷ್ಮಿ ದಿನ ಯಾರು ಕೊಡ್ತಾರ?"

ವಾರ ಬದಲಾಯಿಸಿ ಸೋಮವಾರ, ಗುರುವಾರ ಮಾಡಿದೆವು. ಮೊದಲ ಸೋಮವಾರವೇ ನಲವತ್ತಕ್ಕೂ ಹೆಚ್ಚು ಮನೆಗಳ ಗಂಟು ಬಂತು. ಎರಡು ತಿಂಗಳಿಂದ ತೊಳೆದು, ಒಣಗಿಸಿ, ಕಟ್ಟಿ ಇಟ್ಟುಕೊಂಡು ಕಾಯುತ್ತಿದ್ದರು ಆ ಹೆಂಗಸರು. ಆಸಕ್ತಿ ಇಲ್ಲದವರು!

ಆಕೆ ಹಾರ್ನ್ ಹೊಡೆಯುತ್ತಿರಲಿಲ್ಲ. ಗಾಡಿಗೆ ಹಾಕಿಕೊಟ್ಟಿದ್ದ ಮೈಕನ್ನು ಮೊದಲ ದಿನವೇ ಬಂದ್ ಮಾಡಿದ್ದಳು. ಇಳಿದು ಬಾಗಿಲಿಗೆ ಹೋಗಿ "ನಾಷ್ಟಾ ಆತೇನವ್ವ?" ಎಂದು ಕೇಳಿಯೇ ಚೀಲಕ್ಕೆ ಕೈ ಹಾಕುವುದು. ಒಡೆದ ಗಾಜು, ಬ್ಲೇಡು ಇದ್ದರೆ ಚೀಲಕ್ಕೆ ಹಾಕದೆ ಖಾಲಿ ಡಬ್ಬಿಯಲ್ಲಿಟ್ಟು ಕೈಗೆ ಕೊಡಿ ಎಂದು ಒಂದೇ ಒಂದು ಸಲ ಹೇಳಿದ್ದಳು, ಅಂಗೈ ತೋರಿಸಿ. ಅಂಗೈ ತುಂಬ ಹಳೆಯ ಗಾಯದ ಗೆರೆಗಳಿದ್ದವು. ಆ ಓಣಿಯ ಹೆಂಗಸರೆಲ್ಲ ಮೆಕ್ಕೆಜೋಳ ಮುರಿಯಲು, ಗದ್ದೆ ನೆಡಲು ಕೂಲಿಗೆ ಹೋಗುವವರು. ಕೈ ಹೋದರೆ ಏನು ಹೋಗುತ್ತದೆ ಎಂದು ಅವರಿಗೆ ಪರದೆಯ ಮೇಲೆ ತೋರಿಸಬೇಕಾಗಿರಲಿಲ್ಲ. ಆ ಮೇಲೆ ಆ ಅರವತ್ತು ಮನೆಗಳಿಂದ ಒಂದು ಬ್ಲೇಡೂ ಚೀಲದಲ್ಲಿ ಬರಲಿಲ್ಲ.

ಇನ್ನೊಂದು ಅಭ್ಯಾಸವಿತ್ತು ಆಕೆಗೆ. ದಿನಕ್ಕೊಬ್ಬ ಹೆಂಗಸನ್ನು ಗಾಡಿಯಲ್ಲಿ ಮುಂದೆ ಕೂರಿಸಿಕೊಂಡು ಕಸದ ಶೆಡ್ಡಿಗೆ ಕರೆದುಕೊಂಡು ಹೋಗುವುದು. "ನಿಮ್ಮ ಕವರು ಎಲ್ಲಿ ಇರ್ತಾವ ಅಂತ ನೋಡ್ರಿ ಬರ್ರಿ" ಎಂದು. ಪ್ರತಿ ಮನೆಯವರೂ ಗಂಟನ್ನು ಹಳೆಯ ಸೀರೆಯ ಅಂಚಿನಿಂದ ಕಟ್ಟುತ್ತಿದ್ದರು, ಹಾಗಾಗಿ ಯಾರ ಗಂಟು ಯಾವುದೆಂದು ದೂರದಿಂದಲೇ ಗೊತ್ತಾಗುತ್ತಿತ್ತು. ಹನುಮಕ್ಕ ಎಂಬಾಕೆಯ ಮನೆ ಓಣಿಯ ಮೊದಲನೆಯದು. ಬಾಯಿ ಜೋರು, ಯಾವುದಕ್ಕೂ ಸುಲಭಕ್ಕೆ ಒಪ್ಪುವವಳಲ್ಲ. ಶೆಡ್ಡಿನಲ್ಲಿ ತನ್ನ ಹಳದಿ ಅಂಚಿನ ಗಂಟು ರಾಶಿಯ ಮೇಲೆ ಅಚ್ಚುಕಟ್ಟಾಗಿ ಕೂತದ್ದನ್ನು ನೋಡಿ, "ಏ, ನಮ್ಮನೀದು ಅಲ್ಲೈತಿ ನೋಡ್ರಿ!" ಎಂದು ಕೂಗಿದಳು. ಮಗುವನ್ನು ಶಾಲೆಗೆ ಬಿಟ್ಟು ಬಂದ ತಾಯಿಯ ಹಾಗೆ ತಿರುಗಿ ತಿರುಗಿ ನೋಡುತ್ತಾ ಮನೆಗೆ ಹೋದಳು.

ಎರಡನೆಯ ವರ್ಷಕ್ಕೆ ನಮ್ಮ ಕಾಲೋನಿ ಮಾದರಿ ಕಾಲೋನಿ ಆಯಿತು. ಬೇರೆ ಕಡೆಯವರು ನೋಡಲು ಬಂದರು. ಫೋಟೋಗಳಲ್ಲಿ ಮುಂದೆ ನಿಂತವಳು ನಾನು. ಆಕೆಯನ್ನೂ ಎರಡು ಮಾತಾಡು ಎಂದು ಎಬ್ಬಿಸಿ ನಿಲ್ಲಿಸಿದರು. ಸೆರಗು ಹೊದ್ದುಕೊಂಡು, "ನಾವು ಕೇಳಿದ್ವಿ, ಅವ್ರು ಕೊಟ್ರು. ಕೊಟ್ಟಿದ್ದನ್ನ ನಾವು ಕೆಡಸಲಿಲ್ಲ. ಅಷ್ಟೇ ಐತ್ರಿ" ಎಂದು ಕೂತುಬಿಟ್ಟಳು. ಜನ ನಕ್ಕರು, ನಾನೂ ನಕ್ಕೆ. ಇದಕ್ಕಿಂತ ಹೆಚ್ಚಿನದು ಆ ವಿಷಯದಲ್ಲಿ ಯಾರಿಗೂ ಗೊತ್ತಿಲ್ಲ ಎಂದು ನನಗೆ ಈಗ ಅರ್ಥವಾಗಿದೆ.

ಮೂರನೆಯ ವರ್ಷ, ಬೇರ್ಪಡಿಸಿದ ಒಣ ಕಸ ಒಯ್ಯುತ್ತಿದ್ದ ಲಾರಿ ಬರುವುದು ನಿಂತಿತು. ಶೆಡ್ಡು ಮಾಡಿನ ತನಕ ತುಂಬಿತು. ಅಷ್ಟರಲ್ಲಿ ಮೇಲಿನಿಂದ ತಪಾಸಣೆಗೆ ಬರುತ್ತಾರೆಂದು ಸುದ್ದಿ ಬಂತು. ಶೆಡ್ಡು ಖಾಲಿ ಮಾಡಿಸಿ ಬಣ್ಣ ಹೊಡೆಸಿ ಎಂದು ಆಜ್ಞೆಯಾಯಿತು. ಎಲ್ಲಿಗೆ ಸಾಗಿಸಬೇಕು ಎಂದು ನಾನು ಕೇಳಿದೆ. "ಕಲ್ಲುಕ್ವಾರಿ ಗುಂಡಿ ಇದೆಯಲ್ಲ ಮೇಡಂ" ಅಂದರು. ಬೀಗದ ಕೈ ಕೊಟ್ಟವಳು ನಾನು. ನನ್ನ ಆದೇಶ ಬರಬೇಕಾದ ತಿಂಗಳು ಅದು. ಮಗಳು ಶಿವಮೊಗ್ಗದಲ್ಲಿ ಓದುತ್ತಿದ್ದಳು. ಕಾರಣ ಕೇಳಿದರೆ ಇಷ್ಟೇ, ಮತ್ತೇನೂ ಇಲ್ಲ.

ತಪಾಸಣೆ ಮುಗಿಯಿತು, ಲಾರಿ ಬರಲಿಲ್ಲ. ಅಂದಿನಿಂದ ಕಾಲೋನಿಯ ಹಸಿ ಕಸ, ಒಣ ಕಸ ಎರಡೂ ಆ ಗುಂಡಿಗೇ. ಆಕೆಗೆ ಮಾತ್ರ ಹೇಳಬಾರದೆಂದು ತೀರ್ಮಾನವಾಯಿತು. ಹೇಳಿದರೆ ಗಾಡಿ ನಿಲ್ಲಿಸುತ್ತಾಳೆ, ಗಾಡಿ ನಿಂತರೆ ಮಾದರಿ ಕಾಲೋನಿ ಎಲ್ಲಿ ಉಳಿಯಿತು? ಶೆಡ್ಡು ರಿಪೇರಿಯಲ್ಲಿದೆ, ನೀನು ಪಂಚಾಯಿತಿ ಅಂಗಳದಲ್ಲಿ ಟ್ರ್ಯಾಕ್ಟರಿಗೆ ತುಂಬಿಸು, ಅದು ಸೊರಬದ ಕಡೆ ಇನ್ನೊಂದು ಶೆಡ್ಡಿಗೆ ಹೋಗುತ್ತದೆ ಎಂದು ನಾನೇ ಹೇಳಿದೆ.

"ನಿಮ್ಮೂರ ಕಡೀಗೆ ಹೋಗ್ತಾವಲ್ಲ, ಮತ್ತೇನು ಚಿಂತಿ ಬಿಡ್ರಿ" ಅಂದಳು.

ಎರಡು ತಿಂಗಳು ಆಕೆ ಮನೆಮನೆಯ ಬಾಗಿಲಿಗೆ ಹೋಗಿ "ಈಗ ನಿಮ್ಮ ಕವರು ಸೊರಬಕ್ಕೆ ಹೋಗ್ತಾವ್ರಿ, ಅಕ್ಕೋರ ಊರಿಗೆ" ಎಂದು ಹೇಳಿಕೊಂಡು ತಿರುಗಿದಳು. ಹೆಂಗಸರು ಎಂದಿನಂತೆ ತೊಳೆದು, ಹಗ್ಗದ ಮೇಲೆ ಬಟ್ಟೆಯ ಜೊತೆ ಒಣಹಾಕಿ, ಅಂಚು ಕಟ್ಟಿ ಕೊಟ್ಟರು. ಆ ಓಣಿಗೆ ನಲ್ಲಿ ನೀರು ದಿನ ಬಿಟ್ಟು ದಿನ. ಆ ನೀರಿನಲ್ಲೇ ಒಂದು ಚೊಂಬು ಅದಕ್ಕೆ ತೆಗೆದಿಡುತ್ತಿದ್ದರು. ಅದು ಎಲ್ಲಿಗೆ ಹೋಗುತ್ತದೆಂದು ತಿಳಿದಿದ್ದೂ ನಾನು ಸುಮ್ಮನೆ ನೋಡಿಕೊಂಡಿದ್ದೆ.

ಕಟ್ಟಿಗೆ ಆರಿಸಲು ಕ್ವಾರಿಯ ಕಡೆ ಹೋದ ಯಾರೋ ಗುಂಡಿಯಲ್ಲಿ ಕವರು ನೋಡಿ ಬಂದು ಆಕೆಗೆ ಹೇಳಿದರಂತೆ. ಆಕೆ ನಂಬಲಿಲ್ಲ. ಒಬ್ಬಳೇ ನೋಡಲು ಹೋದಳು. ದಡದಿಂದ ನೋಡಿ ತೃಪ್ತಿಯಾಗದೆ ಗುಂಡಿಗೇ ಇಳಿದಳು. ಎಲ್ಲಿಂದಲೋ ತಂದು ಸುರಿದಿದ್ದ ಒಡೆದ ಟ್ಯೂಬ್‌ಲೈಟಿನ ಗಾಜು ಚಪ್ಪಲಿ ಸೀಳಿಕೊಂಡು ಅಂಗಾಲಿಗೆ ಹೊಕ್ಕಿತು.

ಸಂಜೆ ನಾಲ್ಕರ ಹೊತ್ತಿಗೆ ನನ್ನ ಆಫೀಸಿಗೆ ಬಂದಳು. ಕಾಲಿಗೆ ಸೆರಗು ಹರಿದು ಸುತ್ತಿಕೊಂಡಿದ್ದಳು, ಅದು ನೆನೆದು ಕೆಂಪಾಗಿತ್ತು. ಕೈಯಲ್ಲಿ ಹಳದಿ ಅಂಚಿನ ಗಂಟು, ಕೊಳೆತ ಅನ್ನ ಮೆತ್ತಿಕೊಂಡ ಗಂಟು.

"ಅದು ಸೊರಬ ಏನ್ರಿ ಅಕ್ಕೋರೆ?" ಅಂದಳು.

ನಾನು ಎದ್ದು ಕುರ್ಚಿ ಸರಿಸಿಕೊಟ್ಟೆ. ಆಕೆ ಕೂರಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಬಾಗಿಲ ಚೌಕಟ್ಟು ಹಿಡಿದು ನಿಂತವಳು, "ನಡೀರಿ, ಮನಿ ಮನಿಗೆ ಹೋಗಿ ಹೇಳಾಣ. ಬ್ಯಾರೇರ ಬಾಯಿಂದ ಕೇಳಬಾರದು ಅವ್ರು. ನಾನೊಬ್ಬಾಕೆ ಹೇಳಿದ್ರೆ ನಂಬಲ್ಲ, ನೀವೂ ಬರ್ರಿ" ಅಂದಳು. ಕಾಲು ತೊಳೆದು ಬಟ್ಟೆ ಬದಲಿಸಿ ಕಟ್ಟಿಕೊಟ್ಟೆ. ಆಕೆಗೆ ಸಕ್ಕರೆ ಕಾಯಿಲೆ ಇದ್ದದ್ದು ನನಗೆ ಗೊತ್ತಿತ್ತು. ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೇ ಶಿಕಾರಿಪುರಕ್ಕೆ ಹೋಗಿ ಡಾಕ್ಟರಿಗೆ ತೋರಿಸು ಎಂದು ಎರಡು ಸಲ ಹೇಳಿದೆ. "ಆತ್ರಿ, ಹೋಗ್ತೀನಿ" ಅಂದಳು.

ಮೊದಲ ಮನೆ ಹನುಮಕ್ಕನದು. ಗಾಡಿಯವಳು ಬಾಗಿಲಲ್ಲಿ ನಿಂತು, ಸುತ್ತುಬಳಸದೆ, "ನಿಮ್ಮ ಕವರು ಎರಡು ತಿಂಗಳಿಂದ ಕ್ವಾರಿ ಗುಂಡಿಗೆ ಬಿದ್ದಾವವ್ವ. ನಾ ಹೇಳಿದ್ದು ಸುಳ್ಳಾತು. ತಪ್ಪಾತು" ಎಂದು ಕೈ ಮುಗಿದಳು. ಹನುಮಕ್ಕ ಆಕೆಯನ್ನು ಬಿಟ್ಟು ನನ್ನನ್ನು ನೋಡಿದಳು.

"ನಿಮಗೆ ಗೊತ್ತಿತ್ತೇನ್ರಿ ಅಕ್ಕೋರೆ?"

"ಇಲ್ಲ ಹನುಮಕ್ಕ. ನನಗೂ ಈಗಲೇ ಗೊತ್ತಾಗಿದ್ದು" ಅಂದೆ.

ಆಕೆ ನನ್ನ ಪಕ್ಕದಲ್ಲೇ ನಿಂತಿದ್ದಳು. ತಲೆ ಎತ್ತಲಿಲ್ಲ. ಮುಂದಿನ ಮನೆಯಿಂದ ಆಕೆ ತಾನೇ ಮುಂದೆ ಹೋಗಿ, ನನ್ನನ್ನು ಯಾರೂ ಏನೂ ಕೇಳದ ಹಾಗೆ, ಎಲ್ಲವನ್ನೂ ತನ್ನ ಮೇಲೇ ಎಳೆದುಕೊಂಡು ಹೇಳಿ ಮುಗಿಸಿದಳು. ಒಬ್ಬಳು ಚೀಲವನ್ನು ಮೊಳೆಯಿಂದ ಕಿತ್ತು ಆಕೆಯ ಕಾಲ ಹತ್ತಿರ ಎಸೆದಳು. ಗಟಾರದ ಮುದುಕ ಮಾತ್ರ ಕಟ್ಟೆಯಿಂದೆದ್ದು ಒಳಗೆ ಹೋದ. ಅರವತ್ತು ಬಾಗಿಲುಗಳಲ್ಲಿ ಅರವತ್ತು ಸಲ ಆಕೆ ಕೈ ಮುಗಿದಳು. ನಾನು ಹಿಂದೆ ಹಿಂದೆ ಹೋದೆ, ನೆರಳಿನ ಹಾಗೆ.

ಮರುದಿನ ಆಕೆ ಆಸ್ಪತ್ರೆಗೆ ಹೋಗಲಿಲ್ಲ. ಅದರ ಮರುದಿನವೂ ಇಲ್ಲ. ಮೂರನೆಯ ದಿನ ಜ್ವರ ಬಂದು ಕಾಲು ಊದಿಕೊಂಡ ಮೇಲೆ ಆಕೆಯ ಮಗಳು ಶಿಕಾರಿಪುರಕ್ಕೆ ಕರೆದುಕೊಂಡು ಹೋದಳು. ಅಲ್ಲಿಂದ ಶಿವಮೊಗ್ಗಕ್ಕೆ ಕಳಿಸಿದರು. ಬಹಳ ತಡವಾಗಿದೆ ಅಂದರು. ಮೊಣಕಾಲಿನ ಕೆಳಗೆ ಕಾಲು ತೆಗೆದರು.

ನಾನು ಸೇಬು, ಮೋಸಂಬಿ ಹಿಡಿದುಕೊಂಡು ನೋಡಲು ಹೋದೆ. ದಾರಿಯುದ್ದಕ್ಕೂ ಕ್ಷಮೆ ಕೇಳುವ ಮಾತುಗಳನ್ನು ಜೋಡಿಸಿಕೊಂಡು ಹೋಗಿದ್ದೆ. ಹೊದಿಕೆಯ ಕೆಳಗೆ ಒಂದು ಕಡೆ ಚಪ್ಪಟೆಯಾಗಿದ್ದನ್ನು ನೋಡಿ ನನ್ನ ಬಾಯಿಂದ ಬಂದದ್ದೇ ಬೇರೆ. "ಮಾರನೇ ಬೆಳಿಗ್ಗೆನೇ ಹೋಗು ಅಂದಿರಲಿಲ್ವ ನಾನು? ಹೇಳಿದ ಮಾತು ಕೇಳೋ ಪೈಕಿ ಅಲ್ಲ ನೀನು. ನಿನ್ನ ಹಟಕ್ಕೆ ಕಾಲು ಕಳಕೊಂಡೆ" ಎಂದು ಗದರಿದೆ. ತಪ್ಪು ಆಕೆಯದೇ ಆಗಿಬಿಟ್ಟರೆ ನನ್ನ ಎದೆ ಸ್ವಲ್ಪ ಹಗುರಾಗುತ್ತಿತ್ತೇನೋ. ಆಕೆ ನಕ್ಕಳು. "ಓಣಿಯವ್ರು ಹೆಂಗದಾರ್ರಿ? ಇನ್ನೂ ಸಿಟ್ಟೈತೇನು?" ಎಂದು ಕೇಳಿದಳು. ಕವರುಗಳನ್ನು ಎಲ್ಲರೂ ಬೀದಿಯಲ್ಲೇ ಸುಡುತ್ತಿದ್ದಾರೆ ಎಂದು ಹೇಳಲು ಬಾಯಿ ಬರಲಿಲ್ಲ. ಚೆನ್ನಾಗಿದ್ದಾರೆ ಅಂದೆ. ಎಂಟು ದಿನಕ್ಕೆ ಆಕೆ ಹೋಗಿಬಿಟ್ಟಳು.

ಮಣ್ಣಿಗೆ ಹೋದಾಗ ಕಾಲೋನಿಯ ಜನರೆಲ್ಲ ಬಂದಿದ್ದರು. ನಾನು ದೂರ ನಿಂತಿದ್ದೆ. ತಡವಾಗಿಯಾದರೂ ನನ್ನ ಆದೇಶ ಬಂತು, ಇನ್ನೊಂದು ವರ್ಷಕ್ಕೆ. ಆ ಕಾಗದವನ್ನು ಹಿಡಿದುಕೊಂಡು ಬಚ್ಚಲ ಮನೆಗೆ ಹೋಗಿ, ನೀರು ಬಿಟ್ಟುಕೊಂಡು, ರಜೆಗೆ ಬಂದಿದ್ದ ಮಗಳಿಗೆ ಕೇಳಿಸದ ಹಾಗೆ ಅತ್ತೆ.

ಹೋದ ವಾರ ಕಾಲೋನಿಗೆ ಹೋದೆ, ಆಫೀಸಿನ ಕೆಲಸಕ್ಕಲ್ಲ. ಹನುಮಕ್ಕ ಕಟ್ಟೆಯ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದಳು. ಕೂರಿ ಅನ್ನಲಿಲ್ಲ, ನಾನೇ ಕೂತೆ.

"ಹನುಮಕ್ಕ, ಅವತ್ತು ನೀವು ಕೇಳಿದಿರಲ್ಲ. ನನಗೆ ಗೊತ್ತಿತ್ತು. ಮೊದಲ ದಿನದಿಂದ ಗೊತ್ತಿತ್ತು" ಅಂದೆ.

ಹನುಮಕ್ಕ ಮೊರದಿಂದ ಕಣ್ಣೆತ್ತಲಿಲ್ಲ. ಒಂದು ಕಲ್ಲು ಆರಿಸಿ ಬೀದಿಗೆ ಎಸೆದಳು.

"ನಮಗೂ ಗೊತ್ತೈತ್ರಿ. ಮರುದಿನ ಮುಂಜಾನಿನೇ ಗೊತ್ತಾತು. ಆಕಿ ಆಸ್ಪತ್ರಿಗೆ ಹೊಂಟಾಕಿ ಬಸ್ಸು ಬಿಟ್ಟು ಇಲ್ಲಿಗೆ ಬಂದಿದ್ಲು. ಮತ್ತ ಒಂದೊಂದು ಮನಿಗೂ ಹೋದ್ಲು. ಅಕ್ಕೋರಿಗೆ ಗೊತ್ತಿತ್ತು, ಆದ್ರ ಅವ್ರನ್ನ ಯಾರೂ ಏನೂ ಅನಬ್ಯಾಡ್ರಿ, ಅವ್ರಿಗೆ ಓದೋ ಮಗಳದಾಳ, ಕೆಲಸ ಹೋದೀತು ಅಂದ್ಲು. ಪಂಚಾಯ್ತಿ ಮುಂದೆ ಗಲಾಟಿ ಮಾಡಾಕೆ ಹೊಂಟಿದ್ವಿ ನಾವು. ನಮ್ಮಿಂದ ಆಣಿ ಮಾಡಿಸ್ಕೊಂಡ್ಲು."

"ಅರವತ್ತು ಮನೆಗೂ?" ಅಂದೆ. "ಆ ಕಾಲಿಟ್ಟುಕೊಂಡು?"

"ಹ್ಞೂಂ ರೀ" ಅಂದಳು ಹನುಮಕ್ಕ. "ಒಂದೇ ದಿನಕ್ಕ ಆಗಲಿಲ್ಲ ಆಕಿಗೆ. ಎರಡು ದಿನ ಹಿಡೀತು."